ಗ್ರೀನ್ಸ್ ಡಿಕ್ಷನರಿ ಆಫ್ ಸ್ಲ್ಯಾಂಗ್: ‘ಡ್ಯೂಡ್’ ಎಂಬ ಒರೆಗಲ್ಲಿನ ಮೇಲೆ

ಸ್ಲ್ಯಾಂಗ್ ಎಂದರೆ ಬೀದಿಮಾತು. ಅದರ ನಿಘಂಟು ಯಾವುದೇ ಇರಲಿ, ಅದನ್ನು ತೆರೆದ ಕೂಡಲೇ ನಾನು ಹುಡುಕುವ ಪದ ‘ಡ್ಯೂಡ್’. ಗೆಳೆಯನನ್ನು ಕರೆಯುವುದಕ್ಕೂ, ಅಚ್ಚರಿಪಡುವುದಕ್ಕೂ, ‘ಸಾಕು ಮಾಡು’ ಎಂದು ಗದರುವುದಕ್ಕೂ ಇಂದು ಅಮೆರಿಕನ್ನರಿಗೆ ಒದಗುವ ಈ ಪದ ಹುಟ್ಟಿದ್ದು ಗೇಲಿಯ ಮಾತಾಗಿ. ನಡುವಿನ ಹಾದಿಯನ್ನು ತಾರೀಖು ಸಮೇತ ತೋರಿಸದ ನಿಘಂಟನ್ನು ನಾನು ನಂಬುವುದಿಲ್ಲ.

ಜೊನಾಥನ್ ಗ್ರೀನ್ ಅವರ ನಿಘಂಟು 2010ರಲ್ಲಿ ಮೂರು ಬೃಹತ್ ಸಂಪುಟಗಳಾಗಿ ಅಚ್ಚಾಯಿತು, 2016ರಲ್ಲಿ ಅಂತರಜಾಲಕ್ಕೆ ಬಂತು. ಸುಮಾರು ಐದು ಶತಮಾನಗಳ ಇಂಗ್ಲಿಷ್ ಬೀದಿಮಾತನ್ನು ಅದು ಅರ್ಥಕ್ಕೊಂದರಂತೆ ಬಿಡಿಸಿ, ಪ್ರತಿ ಅರ್ಥದ ಕೆಳಗೂ ಕಾಲಾನುಕ್ರಮದಲ್ಲಿ ಬಳಕೆಯ ಉಲ್ಲೇಖಗಳನ್ನು ಕೊಡುತ್ತದೆ. ಸ್ಲ್ಯಾಂಗಿನ ವಿಷಯದಲ್ಲಿ ಈ ಕ್ರಮಕ್ಕೆ ವಿಶೇಷ ಬೆಲೆಯಿದೆ. ಏಕೆಂದರೆ ಇಂಥ ಪದಗಳ ಹುಟ್ಟಿನ ಬಗ್ಗೆ ಕಟ್ಟುಕಥೆಗಳೇ ಹೆಚ್ಚು. ‘ಡ್ಯೂಡ್’ ಎಂದರೆ ಆನೆಯ ಹಿಂಭಾಗದ ಕೂದಲು ಎಂಬ ಶಾಲಾಮಕ್ಕಳ ತಮಾಷೆಯನ್ನು ಗಂಭೀರವಾಗಿ ನಂಬಿದವರೂ ಇದ್ದಾರೆ.

ದಾಖಲೆಗಳು ಹೇಳುವ ಕಥೆ ಬೇರೆ. 1883ರ ಆರಂಭದಲ್ಲಿ ನ್ಯೂಯಾರ್ಕ್ ಪತ್ರಿಕೆಯೊಂದರಲ್ಲಿ ಪ್ರಕಟವಾದ ವಿಡಂಬನ ಕವಿತೆಯಿಂದ ಈ ಪದ ಊರೆಲ್ಲ ಹಬ್ಬಿತು. ಬಿಗಿ ಪ್ಯಾಂಟು ತೊಟ್ಟು, ಇಂಗ್ಲಿಷರ ಉಚ್ಚಾರಣೆಯನ್ನು ಅನುಕರಿಸುತ್ತ ಠೀವಿಯಿಂದ ಅಲೆಯುವ ಶೋಕಿಲಾಲನಿಗೆ ಅದು ಅಂಟಿಕೊಂಡಿತು. ‘ಯಾಂಕಿ ಡೂಡಲ್’ ಎಂಬ ಹಳೆಯ ಹಾಡಿನ ‘ಡೂಡಲ್’ನಿಂದ ಇದು ಒಡೆದು ಬಂದಿರಬಹುದೆಂದು, ಪತ್ರಿಕಾ ಕಡತಗಳನ್ನು ವರ್ಷಗಟ್ಟಲೆ ಜಾಲಾಡಿದ ಬ್ಯಾರಿ ಪಾಪಿಕ್ ಮತ್ತು ಜೆರಾಲ್ಡ್ ಕೋಹೆನ್ 2013ರಲ್ಲಿ ವಾದಿಸಿದರು. ಟೋಪಿಗೆ ಗರಿ ಸಿಕ್ಕಿಸಿ ತಾನೇ ದೊಡ್ಡ ಶೋಕಿಗಾರ ಎಂದುಕೊಳ್ಳುವ ಆ ಹಾಡಿನ ಪೆದ್ದನನ್ನು ನೆನೆದರೆ ವಾದ ಒಪ್ಪುವಂತಿದೆ. ಪಶ್ಚಿಮ ಅಮೆರಿಕದ ದನಗಾಹಿಗಳ ಬಾಯಲ್ಲಿ ಅದೇ ಪದ ಪಟ್ಟಣದಿಂದ ಬಂದ ಅನನುಭವಿಯನ್ನು ಸೂಚಿಸಿತು. ‘ಡ್ಯೂಡ್ ರಾಂಚ್’ ಎಂಬ ವಿಹಾರತಾಣದ ಹೆಸರಿನಲ್ಲಿ ಆ ಅರ್ಥ ಇಂದಿಗೂ ಉಳಿದಿದೆ. ಮುಂದೆ ಕಪ್ಪು ಅಮೆರಿಕನ್ನರ ಮತ್ತು ಮೆಕ್ಸಿಕನ್ ಅಮೆರಿಕನ್ ಯುವಕರ ಮಾತಿನಲ್ಲಿ ಗೇಲಿ ಕಳಚಿ ‘ನಮ್ಮವನು’ ಎಂಬ ಛಾಯೆ ಕೂಡಿತು. ಕಡಲ ಅಲೆಗಳ ಮೇಲೆ ಹಲಗೆಯೇರಿ ಜಾರುವ ಸರ್ಫಿಂಗ್ ಹುಡುಗರ ಮೂಲಕ ಅದು ಎಲ್ಲರ ನಾಲಿಗೆಗೆ ಬಂತು.

ಇದರ ಪಕ್ಕದಲ್ಲಿ, 1999ರಲ್ಲಿ ಶುರುವಾದ ಅರ್ಬನ್ ಡಿಕ್ಷನರಿ ಎಂಬ ಜಾಲತಾಣ ಸಂತೆಯಂತಿದೆ. ಅಲ್ಲಿ ಅರ್ಥ ಬರೆಯುವವರೂ ಮತ ಹಾಕುವವರೂ ಓದುಗರೇ. ನಿನ್ನೆ ಮೊನ್ನೆಯ ಪದಕ್ಕೆ ಅದು ಉಪಯುಕ್ತವೇ ಹೌದು, ಆದರೆ ಪದದ ಹಿಂದಿನ ಜನ್ಮಗಳನ್ನು ಅಲ್ಲಿ ಕೇಳಬಾರದು.

ಗ್ರೀನ್ ಅವರ ನಿಘಂಟಿಗೂ ಮಿತಿಯಿದೆ. ಉಲ್ಲೇಖಗಳು ಹೆಚ್ಚಾಗಿ ಬರಹದಿಂದ ಆಯ್ದವು. ‘ಡ್ಯೂಡ್’ ಪದದ ಇಂದಿನ ಅರ್ಧ ಜೀವ ಇರುವುದು ಧ್ವನಿಯಲ್ಲಿ. 2004ರಲ್ಲಿ ಸ್ಕಾಟ್ ಕೀಸ್ಲಿಂಗ್ ಎಂಬ ಭಾಷಾವಿಜ್ಞಾನಿ, ಗಂಡಸರು ಆತ್ಮೀಯತೆಯನ್ನು ತೋರಿಸುತ್ತಲೇ ಒಂದು ಮೊಳ ದೂರ ಕಾಯ್ದುಕೊಳ್ಳಲು ಈ ಪದ ಹೇಗೆ ನೆರವಾಗುತ್ತದೆ ಎಂದು ವಿವರಿಸಿದ್ದರು. ಅಂಥ ಸೂಕ್ಷ್ಮವನ್ನು ಎರಡು ಸಾಲಿನ ಅರ್ಥವಿವರಣೆ ಹಿಡಿಯಲಾರದು. ದಪ್ಪ ಸಂಪುಟಗಳನ್ನು ಕೊಳ್ಳುವ ಅಗತ್ಯವೇನೂ ಇಲ್ಲ, ಅಂತರಜಾಲದ ಆವೃತ್ತಿ ಉಚಿತವಾಗಿದೆ. ತೆರೆದಾಗ ಅರ್ಥವನ್ನಷ್ಟೇ ಓದಿ ಮುಚ್ಚದೆ, ಅತ್ಯಂತ ಹಳೆಯ ಉಲ್ಲೇಖದಿಂದ ಕೆಳಗಿಳಿಯುತ್ತ ಬನ್ನಿ.