ಮಡಿಕೇರಿಯಲ್ಲಿ ಕೂತು ಅರೋರಾ ಲೆಕ್ಕ: ನೋವಾದ ಉಚಿತ ಮುನ್ಸೂಚನಾ ತಾಣ ಹೇಗಿದೆ?

ಅಮೆರಿಕದ ನೋವಾ ಸಂಸ್ಥೆಯ ಬಾಹ್ಯಾಕಾಶ ಹವಾಮಾನ ಕೇಂದ್ರ ನಡೆಸುವ ಈ ಜಾಲತಾಣ ಕೊಡಗಿನ ಆಕಾಶದಲ್ಲಿ ಅರೋರಾ (ಧ್ರುವಗಳ ಕಡೆ ರಾತ್ರಿ ಆಕಾಶದಲ್ಲಿ ಕುಣಿಯುವ ಬಣ್ಣದ ಬೆಳಕು) ಹುಡುಕುವುದಕ್ಕಲ್ಲ. ಮಾಂದಲ್‌ಪಟ್ಟಿಯಿಂದ ಇವತ್ತು ರಾತ್ರಿ ಕಾಣುತ್ತದೆ ಎಂದು ಯಾರಾದರೂ ಹೇಳಿದರೆ ಜೀಪಿನ ಬಾಡಿಗೆ ಉಳಿಸಿಕೊಳ್ಳಿ. ತಡಿಯಂಡಮೋಳ್ ಹತ್ತಿದರೂ ಅಷ್ಟೇ, ಏಕೆಂದರೆ ಕೊರತೆ ಎತ್ತರದ್ದಲ್ಲ. ಅರೋರಾ ಹುಟ್ಟಿಸುವ ಎಲೆಕ್ಟ್ರಾನ್‌ಗಳು ಭೂಮಿಯ ಕಾಂತರೇಖೆಗಳ ಗುಂಟ ಇಳಿಯುತ್ತವೆ. ಆ ರೇಖೆಗಳು ಧ್ರುವಗಳ ಬಳಿ ನೆಟ್ಟಗೆ ನೆಲಕ್ಕಿಳಿದರೆ, ನಮ್ಮ ತಲೆಯ ಮೇಲೆ ಹೆಚ್ಚುಕಡಿಮೆ ಅಡ್ಡಡ್ಡ ಮಲಗಿರುತ್ತವೆ. ಕಾಂತೀಯ ಸಮಭಾಜಕ ತಿರುವನಂತಪುರದ ಹತ್ತಿರವೇ ಹಾಯುತ್ತದೆ. 1963ರಲ್ಲಿ ತುಂಬಾದಿಂದ ರಾಕೆಟ್ ಹಾರಿಸಲು ಶುರುಮಾಡಿದ್ದೂ ಇದೇ ಕಾರಣಕ್ಕೆ. ಸೂರ್ಯನ ಸ್ಫೋಟಗಳು ಭೂಮಿಯ ಕಾಂತಕ್ಷೇತ್ರವನ್ನು ಅಲುಗಿಸಿದ 2024ರ ಮೇ 10-11ರ ಮಹಾ ಕಾಂತೀಯ ಬಿರುಗಾಳಿಯಲ್ಲೂ ಭಾರತದಲ್ಲಿ ಕೆಂಪು ಬೆಳಕು ಹಿಡಿದದ್ದು ಲಡಾಖಿನ ಹಾನ್ಲೆಯ ಕ್ಯಾಮೆರಾಗಳು. (1872ರ ಫೆಬ್ರವರಿ 4ರಂದು ಮುಂಬಯಿಯಲ್ಲೂ ಕಂಡ ದಾಖಲೆ ಇದೆ. ಅಂಥದ್ದು ಮತ್ತೆ ಬಂದರೆ ಅರೋರಾ ನೋಡುವುದಕ್ಕಿಂತ ಕರೆಂಟಿನ ಚಿಂತೆ ದೊಡ್ಡದಾಗುತ್ತದೆ.)

ಹಾಗಾಗಿ ಈ ವಿಮರ್ಶೆ ನಾರ್ವೆಯ ಟ್ರಾಮ್ಸೋಗೋ ಐಸ್‌ಲ್ಯಾಂಡಿಗೋ ಹೊರಡುವವರಿಗೆ. ತಾಣ ಉಚಿತ, ಜಾಹೀರಾತಿಲ್ಲ, ಲಾಗಿನ್ ಕೇಳುವುದಿಲ್ಲ. ಮೂರು ದಿನದ ಮುನ್ಸೂಚನೆ ಬರೀ ಅಕ್ಷರದ ಫೈಲಾಗಿಯೂ ಸಿಗುತ್ತದೆ. ಸಿಗ್ನಲ್ ಒಂದೇ ಗೀಟು ತೋರಿಸುವ ತೋಟದ ಮನೆಯಲ್ಲೂ ತೆರೆದುಕೊಳ್ಳುತ್ತದೆ.

ಎಲ್ಲರೂ ಮೊದಲು ನೋಡುವುದು ಧ್ರುವದ ಸುತ್ತ ಅರೋರಾ ಎಲ್ಲೆಲ್ಲಿ ಸಾಧ್ಯ ಎಂದು ತೋರಿಸುವ ಹಸಿರು ಉಂಗುರದ ನಕ್ಷೆ. ಹೆಚ್ಚು ಜನ ಎಡವುವುದೂ ಅಲ್ಲೇ. ನಕ್ಷೆಯಲ್ಲಿ ಕೆಂಪು ಬಂದರೆ ಆಕಾಶ ಕೆಂಪಾಗುತ್ತದೆ ಎಂದಲ್ಲ, ಅರೋರಾ ಕಾಣುವ ಸಂಭವ ಹೆಚ್ಚು ಎಂದಷ್ಟೇ. ಹಗಲಿರುವ ಕಡೆಯೂ ಉಂಗುರ ಹಾಯುತ್ತದೆ, ಅಲ್ಲಿ ಏನೂ ಕಾಣದು. ಇನ್ನೊಂದು, ಉಂಗುರ ನಿಮ್ಮ ಊರಿನ ಮೇಲೆಯೇ ಇರಬೇಕಿಲ್ಲ. ಬೆಳಕು ಜೋರಾಗಿದ್ದರೆ 1000 ಕಿ.ಮೀ. ದೂರದಿಂದಲೂ ಕ್ಷಿತಿಜದ ಬಳಿ ಕಾಣಬಹುದು. ನಕ್ಷೆ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಮುಂದಿನದ್ದನ್ನು ಮಾತ್ರ ಹೇಳುತ್ತದೆ. ನಾಳೆಯ ಪ್ಲಾನಿಗೆ ಅದನ್ನು ಬಳಸಬೇಡಿ.

ಬಣ್ಣದ ಮಾತು ಬಂತಲ್ಲ. ಹಸಿರು ಬರುವುದು ಸುಮಾರು 100ರಿಂದ 150 ಕಿ.ಮೀ. ಎತ್ತರದ ಆಮ್ಲಜನಕದಿಂದ, ತರಂಗಾಂತರ 557.7 ನ್ಯಾನೋಮೀಟರ್. ಕೆಂಪೂ (630) ಆಮ್ಲಜನಕದ್ದೇ, ಆದರೆ 200 ಕಿ.ಮೀ.ಗಿಂತ ಮೇಲಿನದು. ಹಸಿರು ಬೆಳಕು ಬಿಡಲು ಪರಮಾಣುವಿಗೆ ಒಂದು ಸೆಕೆಂಡೂ ಬೇಡ. ಕೆಂಪಿಗೆ ನೂರು ಸೆಕೆಂಡಿಗೂ ಹೆಚ್ಚು ಬೇಕು. ಕೆಳಗೆ ಗಾಳಿ ದಟ್ಟ, ಅಷ್ಟರೊಳಗೆ ಇನ್ನೊಂದು ಕಣ ಬಂದು ಡಿಕ್ಕಿ ಹೊಡೆದು ಆ ಶಕ್ತಿ ಕಸಿದುಬಿಡುತ್ತದೆ. ದೂರದ ಹಾನ್ಲೆಗೆ ಕೆಂಪು ಮಾತ್ರ ಕಂಡದ್ದು ಇದಕ್ಕೇ: ಹಸಿರಿನ ಭಾಗ ಭೂಮಿಯ ಬಾಗಿನ ಹಿಂದೆ ಅಡಗಿರುತ್ತದೆ.

ತಾಣದ ನಿಜವಾದ ಬಂಡವಾಳ ಮಾತ್ರ ನೋಡಲು ಒಣಕಲಾದ ಸೌರಮಾರುತದ (ಸೂರ್ಯನಿಂದ ಸದಾ ಹರಿದುಬರುವ ಕಣಗಳ) ಗ್ರಾಫ್. ಅದರ ಅಂಕಿಅಂಶ ಬರುವುದು ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿ.ಮೀ. ಆಚೆಯ ಎಲ್-1 ಬಿಂದುವಿನ ಬಳಿಯಿಂದ. ನಮ್ಮ ಆದಿತ್ಯ ಎಲ್-1 ಸುತ್ತುವುದೂ ಅದೇ ಬಿಂದುವನ್ನು. ಇದರಲ್ಲಿ ಬಿ-ಝಡ್ ಎಂಬ ಕೆಂಪು ಗೆರೆಯನ್ನು ಹಿಡಿಯಿರಿ. ಅದು ಸೊನ್ನೆಯ ಕೆಳಗಿಳಿದರೆ ಸೌರಮಾರುತದ ಕಾಂತಕ್ಷೇತ್ರ ದಕ್ಷಿಣಕ್ಕೆ ತಿರುಗಿದೆ, ಭೂಮಿಯ ಕ್ಷೇತ್ರದೊಂದಿಗೆ ಬೆಸೆದುಕೊಂಡು ಬಾಗಿಲು ತೆರೆಯುತ್ತದೆ ಎಂದರ್ಥ. ಮೈನಸ್ 5 ನ್ಯಾನೋಟೆಸ್ಲಾಗಿಂತ ಕೆಳಗೆ ಅರ್ಧ ಗಂಟೆ ನಿಂತರೆ ಜಾಕೆಟ್ ಹಾಕಿಕೊಳ್ಳಿ. ಮೈನಸ್ 10 ಆದರೆ ಊಟ ಬಿಟ್ಟು ಏಳಿ. ಎಷ್ಟು ಹೊತ್ತಿದೆ ಎನ್ನುವುದನ್ನು ವೇಗ ಹೇಳುತ್ತದೆ: ಸೆಕೆಂಡಿಗೆ 400 ಕಿ.ಮೀ. ಇದ್ದರೆ ಸುಮಾರು ಒಂದು ಗಂಟೆ, 800 ಇದ್ದರೆ ಅರ್ಧ ಗಂಟೆ. ವೇಗ ಎಷ್ಟೇ ಇದ್ದರೂ ಕೆಂಪು ಗೆರೆ ಮೇಲೆಯೇ ಉಳಿದರೆ ಆಟ ಮಂಕು.

ಮೂರು ದಿನದ ಪಟ್ಟಿಯಲ್ಲಿ ಭೂಮಿಯ ಕಾಂತಕ್ಷೇತ್ರ ಎಷ್ಟು ಅಲುಗುತ್ತಿದೆ ಎಂದು ಹೇಳುವ ಸೊನ್ನೆಯಿಂದ 9ರವರೆಗಿನ ಕೆ-ಪಿ ಸೂಚ್ಯಂಕ ಇರುತ್ತದೆ, ಮೂರು ಮೂರು ಗಂಟೆಗೆ ಒಂದು ಮನೆ. ಸಮಯವೆಲ್ಲ ಯುಟಿಸಿ, ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ಟ್ರಾಮ್ಸೋದ ಚಳಿಗಾಲದ ರಾತ್ರಿ 7ರಿಂದ 1 ಗಂಟೆ ಎಂದರೆ ಪಟ್ಟಿಯ ಕೊನೆಯ ಎರಡು ಸಾಲು. ಸೆಪ್ಟೆಂಬರಿನಲ್ಲಿ ಅಲ್ಲಿನ ಗಡಿಯಾರ ಒಂದು ಗಂಟೆ ಮುಂದಿರುತ್ತದೆ, ಮರೆಯಬೇಡಿ. 69.6 ಡಿಗ್ರಿ ಉತ್ತರದ ಟ್ರಾಮ್ಸೋ ಉಂಗುರದ ಅಡಿಯಲ್ಲೇ ಇರುವುದರಿಂದ ಅಲ್ಲಿ 2 ಬಂದರೂ ಸಾಕು. 5 ಇಲ್ಲವಲ್ಲ ಎಂದು ಹೋಟೆಲಿನಲ್ಲಿ ಮಲಗುವುದು ದುಡ್ಡು ಸುಟ್ಟಂತೆ.

ತಾಣದ ದೊಡ್ಡ ಕೊರತೆ ಮೋಡ. ಅದರ ಸುದ್ದಿಯೇ ಇಲ್ಲಿಲ್ಲ. ನಾರ್ವೆಯ ಹವಾಮಾನ ಸಂಸ್ಥೆಯ ಪುಟವನ್ನು ಪಕ್ಕದಲ್ಲಿ ತೆರೆದಿಡಲೇಬೇಕು. ಕರಾವಳಿಯ ಟ್ರಾಮ್ಸೋ ಮುಚ್ಚಿಕೊಂಡ ರಾತ್ರಿ ಒಳನಾಡಿನ ಸ್ಕಿಬೋಟ್ನ್ ಕಣಿವೆ ತೆರೆದಿರುವುದುಂಟು. ಭಾಗಮಂಡಲದಲ್ಲಿ ಸುರಿಯುವಾಗ ಕುಶಾಲನಗರದಲ್ಲಿ ಬಿಸಿಲು ಕಂಡವರಿಗೆ ಮಳೆ ನೆರಳು ಎಂದರೇನೆಂದು ವಿವರಿಸಬೇಕಿಲ್ಲ. ಗೈಡ್ ಹಿಡಿಯುವುದಾದರೆ ಮೋಡ ಬಿಟ್ಟು ಎಷ್ಟು ದೂರ ಓಡಿಸುತ್ತಾರೆ ಎಂದು ಮೊದಲೇ ಕೇಳಿ.

27 ದಿನದ ಮುನ್ನೋಟವೂ ಇದೆ. ಸೂರ್ಯ ಒಂದು ಸುತ್ತು ತಿರುಗಿ ಅದೇ ಕರೋನಾ ರಂಧ್ರ (ಸೂರ್ಯನ ಹೊರಪದರದಲ್ಲಿ ಸೌರಮಾರುತ ಜೋರಾಗಿ ಹೊಮ್ಮುವ ಜಾಗ) ಮತ್ತೆ ನಮ್ಮ ಕಡೆ ಬರುವ ಲೆಕ್ಕ ಅದು. ಹಠಾತ್ ಸ್ಫೋಟಗಳು ಅದಕ್ಕೆ ಸಿಗುವುದಿಲ್ಲ. ವಿಮಾನದ ಟಿಕೆಟ್ಟಿಗೆ ಇದಕ್ಕಿಂತ ಕ್ಯಾಲೆಂಡರ್ ಮೇಲು: ಹಗಲಿರುಳು ಸಮವಾಗುವ ಮಾರ್ಚ್ ಮತ್ತು ಸೆಪ್ಟೆಂಬರ್ ಆಸುಪಾಸಿನಲ್ಲಿ ಕಾಂತೀಯ ಚಟುವಟಿಕೆ ಹೆಚ್ಚು. ಕಾಫಿ ಬೆಳೆಗಾರರಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ಅರೇಬಿಕಾ ಕೊಯ್ಲಿಗೆ ಮುಂಚೆ ಸೆಪ್ಟೆಂಬರ್ ಕೊನೆ, ಇಲ್ಲವೇ ರೋಬಸ್ಟಾ ಕಣದಿಂದ ಎದ್ದ ಮೇಲೆ ಮಾರ್ಚ್. ಮಾರ್ಚಾದರೆ ಹೂಮಳೆಯ ಚಿಂತೆ, ಸ್ಪ್ರಿಂಕ್ಲರ್ ನೋಡಿಕೊಳ್ಳಲು ಯಾರನ್ನಾದರೂ ಬಿಟ್ಟು ಹೋಗಬೇಕು. ಎರಡರಲ್ಲೂ ಹುಣ್ಣಿಮೆ ತಪ್ಪಿಸಿ.

ಕ್ಯಾಮೆರಾದ ಅಭ್ಯಾಸ ಮಾತ್ರ ಇಲ್ಲೇ ಆಗಬೇಕು. ಡಿಸೆಂಬರಿನ ತಿಳಿ ರಾತ್ರಿ ಕಾಫಿ ಕಣದಲ್ಲಿ ಟ್ರೈಪಾಡ್ ನಿಲ್ಲಿಸಿ, ಲುಬ್ಧಕ ನಕ್ಷತ್ರವನ್ನು ಪರದೆಯಲ್ಲಿ ಹಿಗ್ಗಿಸಿ, ಅದು ಅತಿ ಸಣ್ಣ ಚುಕ್ಕಿಯಾಗುವ ತನಕ ಕೈಯಿಂದಲೇ ಫೋಕಸ್ ತಿರುಗಿಸಿ. ಟ್ರಾಮ್ಸೋದಲ್ಲಿ ಲುಬ್ಧಕ ಕ್ಷಿತಿಜಕ್ಕೆ ಅಂಟಿಕೊಂಡಿರುತ್ತದೆ, ಅಲ್ಲಿ ಬ್ರಹ್ಮಹೃದಯ ಹಿಡಿಯಿರಿ. ಐಎಸ್ಒ 1600ರಿಂದ 3200, ಎಫ್ 2.8, ಶಟರ್ 5ರಿಂದ 15 ಸೆಕೆಂಡ್. ಬೆಳಕು ಕುಣಿಯತೊಡಗಿದರೆ 2-3 ಸೆಕೆಂಡಿಗೆ ಇಳಿಸಿ, ಇಲ್ಲದಿದ್ದರೆ ಬೆಳಕಿನ ತೆರೆಯ ಮಡಿಕೆಗಳೆಲ್ಲ ಕಲಸಿ ಹಸಿರು ಗಂಜಿಯಾಗುತ್ತದೆ. ಚಳಿಗೆ ಬ್ಯಾಟರಿ ಬೇಗ ಸಾಯುತ್ತದೆ, ಇನ್ನೊಂದನ್ನು ಒಳಜೇಬಿನಲ್ಲಿಡಿ. ಒಳಗೆ ಬರುವ ಮುನ್ನ ಕ್ಯಾಮೆರಾವನ್ನು ಜಿಪ್ ಕವರಿನಲ್ಲಿ ಮುಚ್ಚದಿದ್ದರೆ ಲೆನ್ಸ್ ಮೇಲೆ ನೀರು ಕೂರುತ್ತದೆ.

ದುಡ್ಡು ಕೇಳುವ ಆ್ಯಪ್‌ಗಳಲ್ಲಿ ಬಿ-ಝಡ್ ಗ್ರಾಫೂ ಮೋಡದ ನಕ್ಷೆಯೂ ಒಂದೇ ಪರದೆಯಲ್ಲಿದ್ದರೆ ಕೊಳ್ಳಬಹುದು; ಬರೀ ಶೇಕಡಾವಾರು ತೋರಿಸುವುದಾದರೆ ಬೇಡ. ನೋವಾದ ಇಮೇಲ್ ಎಚ್ಚರಿಕೆಯನ್ನೇ ನಂಬಿ ಕೂರುವುದೂ ಬೇಡ. ಅದು ಬರುವುದು ಕೆ ಸೂಚ್ಯಂಕ 4 ಮುಟ್ಟಿದಾಗ, ಇಲ್ಲವೇ ಮುಟ್ಟುವ ನಿರೀಕ್ಷೆ ಇದ್ದಾಗ. ಟ್ರಾಮ್ಸೋದ ಎಷ್ಟೋ ಒಳ್ಳೆಯ ರಾತ್ರಿಗಳು ಅಷ್ಟಕ್ಕೆ ಏರುವುದೇ ಇಲ್ಲ, ಏರಿದಾಗ ಅಲ್ಲಿ ಹಗಲಿರಲೂಬಹುದು.