ಏಳು ಕೊಂಬೆ, ಆಲ್ಟ್, ಫಿಡೋ ಎಕೊ: ಮೂರು ಬಗೆಯ ವಿಂಗಡಣೆ

ಯೂಸ್‌ನೆಟ್ ಅಂದರೆ ಊರೂರಿನ ಕಂಪ್ಯೂಟರ್ ತಾಣಗಳು, ಮೊದಮೊದಲು ಫೋನ್ ಕರೆಯ ಮೂಲಕ, ಬರಹ ಹಂಚಿಕೊಂಡ ಚರ್ಚಾಗುಂಪುಗಳ ಜಾಲ. ಅದರ ವಿಷಯಪಟ್ಟಿಯನ್ನು ಗ್ರಂಥಾಲಯದ ವರ್ಗೀಕರಣ ಅಂದುಕೊಂಡು ಓದಿದರೆ ಎಡವುತ್ತೀರಿ. ಅದನ್ನು ಕಟ್ಟಿದವರ ಒಂದು ಕಣ್ಣು ಫೋನ್ ಬಿಲ್ಲಿನ ಮೇಲಿತ್ತು. ಮೊದಲಿಗೆ ಇದ್ದದ್ದು ನೆಟ್, ಮಾಡ್, ಎಫ್‌ಎ ಎಂಬ ಮೂರು ತಲೆಹೆಸರು. ಮಾಡ್ ಅಂದರೆ ಮಾಡರೇಟರ್ ಒಪ್ಪಿದ್ದು, ಎಫ್‌ಎ ಅಂದರೆ ಇಂಟರ್ನೆಟ್‌ನ ಪೂರ್ವಜ ಅರ್ಪಾನೆಟ್‌ನಿಂದ ಬಂದದ್ದು. ವಿಷಯ ಏನೆಂಬುದು ತಲೆಹೆಸರಿನಿಂದ ಗೊತ್ತಾಗುತ್ತಿರಲಿಲ್ಲ. 1986-87ರ ಮಹಾ ಮರುನಾಮಕರಣದಲ್ಲಿ ಕಾಂಪ್ (ಕಂಪ್ಯೂಟರ್), ಸೈ (ವಿಜ್ಞಾನ), ರೆಕ್ (ಹವ್ಯಾಸ), ಸಾಕ್ (ಸಮಾಜ), ಟಾಕ್ (ವಾದವಿವಾದ), ನ್ಯೂಸ್ (ಯೂಸ್‌ನೆಟ್‌ನದೇ ಸಂಗತಿ), ಮಿಸ್ಕ್ (ಇತರೆ) ಎಂಬ ಏಳು ಕೊಂಬೆಗಳಾದವು. ಜಗಳದ ವಿಷಯಗಳನ್ನು ಟಾಕ್‌ಗೆ ಒಟ್ಟಿದ್ದರ ಗುಟ್ಟು ಸರಳ: ದೂರದ ಕರೆಗೆ ದುಡ್ಡು ತೆರುತ್ತಿದ್ದ ತಾಣ, ಯಾವ ಗುಂಪು ಬೇಕು ಯಾವುದು ಬೇಡ ಎಂದು ಹೇಳುವ ಸಿಸ್ ಕಡತದಲ್ಲಿ ‘!ಟಾಕ್’ ಎಂದು ಸೇರಿಸಿದರೆ ಅಷ್ಟೂ ಗಲಾಟೆ ಬಾಗಿಲಾಚೆ.

ಈ ಲಾಭ ಇಂದು ಯೂಸ್‌ನೆಟ್ ಬರಹಗಳನ್ನು ಇಟ್ಟು ಹಂಚುವ ಐಎನ್‌ಎನ್ ಎಂಬ ಸರ್ವರ್ ತಂತ್ರಾಂಶ ಹಾಕಿ ನೋಡಿದರೂ ಕಾಣುತ್ತದೆ. ಬರಹಗಳನ್ನು ಎಷ್ಟು ದಿನ ಇಡಬೇಕೆಂದು ಹೇಳುವ ಎಕ್ಸ್‌ಪೈರ್ ಕಡತದಲ್ಲಿ ಕಾಂಪ್‌ಗೆ 60 ದಿನ, ಟಾಕ್‌ಗೆ 3 ದಿನ ಎಂದು ಎರಡು ಸಾಲು ಬರೆದರೆ ಡಿಸ್ಕ್ ಹತೋಟಿಗೆ ಬರುತ್ತದೆ. ಹೊಂದುವ ಸಾಲುಗಳಲ್ಲಿ ಕೊನೆಯದೇ ಗೆಲ್ಲುವುದರಿಂದ ಎಲ್ಲಕ್ಕೂ ಅನ್ವಯಿಸುವ ನಕ್ಷತ್ರದ (*) ಸಾಲು ಮೊದಲು ಇರಬೇಕು; ಕೆಳಗಿಟ್ಟರೆ ಮೇಲಿನದೆಲ್ಲ ವ್ಯರ್ಥ. ಹೆಸರಿನ ಚುಕ್ಕಿಗಳೂ ಬರೀ ಅಲಂಕಾರವಲ್ಲ. ಕಾಂಪ್.ಲ್ಯಾಂಗ್.ಸಿ ಎಂಬುದು ಡಿಸ್ಕಿನಲ್ಲಿ ಒಂದರೊಳಗೊಂದು ಇರುವ ಮೂರು ಡೈರೆಕ್ಟರಿ, ಅದರೊಳಗೆ 1045 ಎಂಬ ಕಡತವೇ ಒಂದು ಬರಹ. ಹಾಗಾಗಿ ಹೆಸರಿನ ಯಾವ ಭಾಗವೂ ಬರೀ ಅಂಕಿಯಾಗಿರಕೂಡದು.

ಏಳು ಕೊಂಬೆಗಳ ತೊಡಕು ಹೊಸ ಗುಂಪು ಹುಟ್ಟಿಸುವಲ್ಲಿತ್ತು. ಮೊದಲು ಚರ್ಚೆಯ ಕರೆ, ಆಮೇಲೆ ಮತದಾನದ ಕರೆ. ಬೇಡ ಎಂದವರಿಗಿಂತ ಬೇಕು ಎಂದವರು ಕನಿಷ್ಠ 100 ಹೆಚ್ಚಿರಬೇಕಿತ್ತು, ಜೊತೆಗೆ ಒಟ್ಟು ಮತದ ಮೂರರಲ್ಲಿ ಎರಡು ಪಾಲು ಬೇಕಿತ್ತು. ವಾರಗಟ್ಟಲೆ ಕೆಲಸ. ಆದರೆ ಗೆದ್ದ ಹೆಸರು ತನ್ನ ಜಾಗ ತಾನೇ ಹೇಳುತ್ತದೆ: ಸಾಕ್.ಕಲ್ಚರ್.ಇಂಡಿಯನ್.ಕರ್ನಾಟಕ ಎಂದರೆ ಎಡದಿಂದ ಬಲಕ್ಕೆ ಓದುತ್ತ ಹೋದಂತೆ ಊರು ಹತ್ತಿರವಾಗುತ್ತದೆ.

ಏಳು ಕೊಂಬೆಗಳ ಹೊರಗಿನ ಆಲ್ಟ್ ಎಂಬ ಕೊಂಬೆ ಹುಟ್ಟಿದ್ದೇ ಈ ಕಟ್ಟುಪಾಡಿಗೆ ಎದುರಾಗಿ. 1987ರಲ್ಲಿ ಬ್ರಯನ್ ರೀಡ್, ಜಾನ್ ಗಿಲ್ಮೋರ್, ಗಾರ್ಡನ್ ಮೊಫೆಟ್ ಶುರುಮಾಡಿದರು. ಮೊದಮೊದಲ ಗುಂಪುಗಳಲ್ಲಿ ಅಡುಗೆಯ ಆಲ್ಟ್.ಗೋರ್ಮಾಂಡ್ ಒಂದು. ಇಲ್ಲಿ ಮತದಾನವಿಲ್ಲ. ಹೊಸ ಆಲ್ಟ್ ಗುಂಪುಗಳ ಬಗ್ಗೆ ಚರ್ಚಿಸುವ ಆಲ್ಟ್.ಕಾನ್ಫಿಗ್‌ನಲ್ಲಿ ಒಂದು ಮಾತು ಕೇಳುವುದು ಮರ್ಯಾದೆ, ಕಡ್ಡಾಯವಲ್ಲ. ಗುಂಪು ಹುಟ್ಟಿಸಿ ಎಂದು ಸರ್ವರ್‌ಗಳಿಗೆ ಹೇಳುವ ‘ನ್ಯೂಗ್ರೂಪ್’ ಕಂಟ್ರೋಲ್ ಸಂದೇಶ ಕಳಿಸಿದರೆ ಗುಂಪು ಸಿದ್ಧ, ಅಂದರೆ ಆಯಾ ಸರ್ವರ್‌ನವರು ಒಪ್ಪಿದರೆ. ಎಡವುವುದು ಇಲ್ಲೇ. ಇಂಥ ಸಂದೇಶ ಬಂದಾಗ ಏನು ಮಾಡಬೇಕೆಂದು ಹೇಳುವ ಕಂಟ್ರೋಲ್ ಕಡತದಲ್ಲಿ ಆಲ್ಟ್‌ಗೆ ‘ಡೂಇಟ್’ (ಹೇಳಿದಂತೆ ಮಾಡು) ಎಂದಿಟ್ಟರೆ ಯಾರೋ ತಮಾಷೆಗೆ ಮಾಡಿದ ಕಸವೆಲ್ಲ ಪಟ್ಟಿಗೆ ತುಂಬುತ್ತದೆ. ‘ಲಾಗ್’ (ಬರೀ ದಾಖಲಿಸು) ಎಂದಿಟ್ಟು ಬೇಕಾದ್ದನ್ನು ಕೈಯಾರೆ ಸೇರಿಸುವುದೇ ವಾಸಿ.

ಫಿಡೋನೆಟ್ ಅಂದರೆ ಬುಲೆಟಿನ್ ಬೋರ್ಡುಗಳನ್ನು ಬೆಸೆದ ಇನ್ನೊಂದು ಜಾಲ. ಅದರ ಚರ್ಚಾಗುಂಪುಗಳಾದ ಎಕೊಗಳಿಗೆ ಕೊಂಬೆಗಳ ಮರವೇ ಇಲ್ಲ. ದೊಡ್ಡಕ್ಷರದ ಒಂದು ಟ್ಯಾಗ್, ಅಷ್ಟೇ. ನೂರು ಎಕೊ ಇದ್ದಾಗ ಇದು ಹಗುರ. ಸಾವಿರ ದಾಟಿದರೆ ವಿವರದ ಪಟ್ಟಿ ಪಕ್ಕದಲ್ಲಿರಬೇಕು. ಒಂದು ಬರಹ ಎರಡು ವಿಷಯಕ್ಕೆ ಸೇರಿದರೆ ಎರಡು ಕಡೆ ಬೇರೆಬೇರೆಯಾಗಿ ಹಾಕಬೇಕು. ಯೂಸ್‌ನೆಟ್‌ನಲ್ಲಾದರೆ ಶಿರೋನಾಮೆಯಲ್ಲಿ ಎರಡು ಹೆಸರನ್ನೂ ಅಲ್ಪವಿರಾಮ ಕೊಟ್ಟು, ನಡುವೆ ಜಾಗ ಬಿಡದೆ ಬರೆದರೆ ಸಾಕು: ಒಂದೇ ಪ್ರತಿ, ಒಂದು ಕಡೆ ಓದಿದ್ದು ಇನ್ನೊಂದು ಕಡೆ ಮತ್ತೆ ತಲೆಹಾಕುವುದಿಲ್ಲ. ಉತ್ತರ ಯಾವ ಗುಂಪಿಗೆ ಹೋಗಬೇಕೆಂದು ಹೇಳುವ ‘ಫಾಲೋಅಪ್-ಟು’ ಸಾಲು ಬರೆಯಲು ಮರೆತರೆ ಮಾತ್ರ ಉತ್ತರಗಳೆಲ್ಲ ಎರಡೂ ಗುಂಪಿಗೆ ಹೋಗಿ, ಎರಡೂ ಕಡೆಯವರ ಬೈಗುಳ ಒಟ್ಟಿಗೇ ಸಿಗುತ್ತದೆ. ಫಿಡೋದಲ್ಲಿ ತಾಣಗಳ ಜೋಡಣೆ ಸುತ್ತುಹಾಕಿದರೆ ನಕಲುಗಳ ಮಳೆ. ಯೂಸ್‌ನೆಟ್‌ಗೆ ಆ ಭಯ ಕಡಿಮೆ, ಪ್ರತಿ ಬರಹಕ್ಕೂ ಇರುವ ಮೆಸೇಜ್-ಐಡಿ ನೋಡಿ ಬಂದದ್ದನ್ನು ಮತ್ತೆ ತಗೊಳ್ಳುವುದಿಲ್ಲ.

ಹಳೆಯದನ್ನು ಹುಡುಕಲು ಏಳು ಕೊಂಬೆಯೇ ಮೇಲು. ಗೂಗಲ್ ಗ್ರೂಪ್ಸ್ 2024ರ ಫೆಬ್ರವರಿ 22ರಿಂದ ಯೂಸ್‌ನೆಟ್‌ಗೆ ಬರೆಯುವುದನ್ನು ನಿಲ್ಲಿಸಿದರೂ ಹಳೆಯ ಸಂಗ್ರಹವನ್ನು ಉಳಿಸಿಕೊಂಡಿತು. ಕರ್ನಾಟಕದ ಗುಂಪಿನಲ್ಲಿ ಹುಡುಕುವಾಗ ಪದಗಳನ್ನು ರೋಮನ್ ಅಕ್ಷರದಲ್ಲಿ, ದೀರ್ಘಕ್ಕೆ ಒಮ್ಮೆ ಒಂದು ‘a’, ಇನ್ನೊಮ್ಮೆ ಎರಡು ‘a’ ಹಾಕಿ ಹುಡುಕಿ.