ಟಾಪ್ ಎಂಡ್ ಬಿಟ್ಟು ಮಿಡ್ ವೇರಿಯಂಟ್ ತಗೊಂಡೆ: ನಾಲ್ಕು ವರ್ಷ, 62 ಸಾವಿರ ಕಿಲೋಮೀಟರ್ ಆದ ಮೇಲೆ

ಯಾವ ಗಾಡಿ ಅಂತ ತೀರ್ಮಾನ ಮಾಡೋಕೆ ನನಗೆ ಎರಡು ವಾರ ಸಾಕಾಯಿತು. ಅದರಲ್ಲಿ ಯಾವ ವೇರಿಯಂಟ್ ಅನ್ನೋದಕ್ಕೆ ಎರಡು ತಿಂಗಳು ಹಿಡಿಯಿತು. ಕಾಂಪ್ಯಾಕ್ಟ್ ಎಸ್‌ಯುವಿ ಕೊಳ್ಳಲು ಹೊರಟವರಿಗೆಲ್ಲ ಇದೇ ಪಾಡು ಅಲ್ವಾ? ಒಂದೇ ಗಾಡಿಗೆ ಏಳೆಂಟು ವೇರಿಯಂಟ್. ಪ್ರತಿ ಮೆಟ್ಟಿಲಲ್ಲೂ "ಇನ್ನೊಂಚೂರು ಹಾಕಿದ್ರೆ ಅದೂ ಬರುತ್ತೆ" ಅನ್ನಿಸುತ್ತದೆ, ಹಾಗೇ ಹತ್ತುತ್ತಾ ಹೋಗಿ ಬೇಸ್ ಮಾಡೆಲ್ ನೋಡಲು ಹೋದವನು ಟಾಪ್ ಎಂಡ್ ಬುಕ್ ಮಾಡಿ ಮನೆಗೆ ಬರುತ್ತಾನೆ. ನಾನು ನಡುವೆ ನಿಂತೆ. ನಮ್ಮ ಭಾವ ಅದೇ ವರ್ಷ ಅದೇ ಗಾಡಿಯ ಟಾಪ್ ಎಂಡ್ ತಗೊಂಡರು. ಎರಡನ್ನೂ ಸಾಕಷ್ಟು ಓಡಿಸಿದ್ದೇನೆ, ಅದಕ್ಕೇ ಬರೆಯುವ ಧೈರ್ಯ.

ಮೊದಲು ಸನ್‌ರೂಫ್. ಮನೆಯಲ್ಲಿ ಜಗಳ ಆಗಿದ್ದೇ ಇದಕ್ಕೆ. ನನ್ನ ಮಗಳು ಶೋರೂಮಿನಲ್ಲೇ ಮುಖ ಊದಿಸಿಕೊಂಡು ಕೂತಿದ್ದಳು. ಭಾವನ ಗಾಡಿಯಲ್ಲಿ ಮೊದಲ ಆರು ತಿಂಗಳು ಅದನ್ನು ದಿನಾ ತೆಗೆದರು, ಆಮೇಲೆ ಬಿಸಿಲು, ಧೂಳು ಅಂತ ಪರದೆ ಎಳೆದವರು ಮತ್ತೆ ಸರಿಸಿದ್ದು ಕಡಿಮೆ. ಎರಡನೇ ವರ್ಷದ ಮಳೆಯಲ್ಲಿ ಒಂದು ರಾತ್ರಿ ಒಳಗಿನ ದೀಪದ ಪಕ್ಕದಿಂದ ಟಪ್ ಟಪ್ ಅಂತ ಅಕ್ಕನ ಭುಜದ ಮೇಲೆ ನೀರು. ರಬ್ಬರ್ ಹೋಗಿದೆ ಅಂದುಕೊಂಡೆವು. ಹಾಗೇನೂ ಇರಲಿಲ್ಲ. ಗಾಜಿನ ಸುತ್ತ ರಬ್ಬರ್ ಇದ್ದರೂ ಸ್ವಲ್ಪ ನೀರು ಇಳಿದೇ ಇಳಿಯುತ್ತದೆ, ಅದನ್ನು ಹಿಡಿಯೋಕೆ ಸುತ್ತ ಒಂದು ಚರಂಡಿ, ಅದರ ಮೂಲೆಗಳಿಂದ ಸಣ್ಣ ಪೈಪುಗಳು ಕೆಳಗೆ ಹೋಗುತ್ತವೆ. ಮರದ ಕೆಳಗೆ ನಿಲ್ಲಿಸಿ ನಿಲ್ಲಿಸಿ ಎಲೆಪುಡಿ, ಧೂಳು ಸೇರಿ ಮುಂದಿನ ಎಡಗಡೆ ಪೈಪು ಕಟ್ಟಿಕೊಂಡಿತ್ತು. ಮೆತ್ತನೆ ನೈಲಾನ್ ತಂತಿ ತೂರಿಸಿದಾಗ ಕಪ್ಪು ಕೆಸರು ಬಂತು. ಈಗ ಪ್ರತಿ ಮಳೆಗಾಲಕ್ಕೆ ಮುಂಚೆ ಒಂದು ಲೋಟ ನೀರು ಸುರಿದು ನೋಡುತ್ತಾರೆ. ಇನ್ನೊಂದು, ಸನ್‌ರೂಫ್ ಚೌಕಟ್ಟಿಗೆ ಜಾಗ ಬೇಕಲ್ಲ, ಅಷ್ಟು ತಲೆಯ ಮೇಲಿನ ಜಾಗ ಕಡಿಮೆ. ನೀವು ಉದ್ದ ಇದ್ದರೆ ಕೂತು ನೋಡಿ.

ಟೈರ್ ವಿಷಯದಲ್ಲಿ ಮಾತ್ರ ನಾನು ಗೆದ್ದೆ ಅಂತ ಧಾರಾಳವಾಗಿ ಹೇಳುತ್ತೇನೆ. ನನ್ನದು 215/60 ಆರ್16, ಭಾವನದು 215/55 ಆರ್17. 215 ಅನ್ನೋದು ಟೈರಿನ ಅಗಲ, ಮಿಲಿಮೀಟರಿನಲ್ಲಿ; ಕೊನೆಯ 16, 17 ರಿಮ್ಮಿನ ಅಳತೆ, ಇಂಚಿನಲ್ಲಿ. ಆ 60, 55 ಅನ್ನೋದು ಅಗಲದ ಶೇಕಡಾವಾರು ಲೆಕ್ಕದಲ್ಲಿ ಪಕ್ಕದ ಗೋಡೆಯ ಎತ್ತರ. ಲೆಕ್ಕ ಹಾಕಿದರೆ ನನ್ನದು 129 ಮಿಲಿಮೀಟರ್, ಅವರದು 118. ಬರೀ 11 ಮಿಲಿಮೀಟರ್ ತಾನೇ ಅನ್ನಬೇಡಿ, ಗುಂಡಿಗೆ ಇಳಿಸಿದಾಗ ಸೊಂಟಕ್ಕೆ ಗೊತ್ತಾಗುತ್ತದೆ. ಭಾವ ಎರಡು ಸಲ ಟೈರ್ ಬದಲಿಸಿದ್ದಾರೆ. ಸವೆದು ಅಲ್ಲ, ಗುಂಡಿಗೆ ಬಡಿದು ಪಕ್ಕದಲ್ಲಿ ಗುಳ್ಳೆ ಎದ್ದು. ಒಂದು ಅಲಾಯ್ ರಿಮ್ ಕೂಡ ಸೊಟ್ಟಗಾಯಿತು. ನನ್ನ ಸ್ಟೀಲ್ ರಿಮ್ ನೋಡೋಕೆ ಸಪ್ಪೆ, ಒಪ್ಪಿದೆ, ಆದರೆ ಒಮ್ಮೆ ಬಗ್ಗಿದಾಗ ಬಡಿದು ನೆಟ್ಟಗೆ ಮಾಡಿ ಕೊಟ್ಟರು.

ಈಗ ಸೋತ ಕಥೆ.

ನನ್ನ ವೇರಿಯಂಟಿಗೆ ಹಿಂದಿನ ವೈಪರ್ ಇಲ್ಲ. ಕೊಳ್ಳುವಾಗ ಅದು ನನ್ನ ಪಟ್ಟಿಯಲ್ಲೇ ಇರಲಿಲ್ಲ, ಹಳೆ ಸೆಡಾನಿನಲ್ಲಿ ಇರಲಿಲ್ಲ, ಕಷ್ಟವೂ ಆಗಿರಲಿಲ್ಲ. ಎಸ್‌ಯುವಿಯ ಬೆನ್ನು ಗೋಡೆಯ ಹಾಗೆ ನೆಟ್ಟಗಿರುತ್ತದೆ ಅನ್ನೋದನ್ನು ಯೋಚಿಸಲೇ ಇಲ್ಲ. ಓಡುವಾಗ ಗಾಡಿಯ ಹಿಂದೆ ಗಾಳಿ ಸುಳಿಯುತ್ತದೆ, ಚಕ್ರ ಎರಚಿದ ಕೆಸರು ನೀರೆಲ್ಲ ಆ ಸುಳಿಗೆ ಸಿಕ್ಕಿ ಹಿಂದಿನ ಗಾಜಿಗೇ ಮೆತ್ತಿಕೊಳ್ಳುತ್ತದೆ. ಮಳೆಯಲ್ಲಿ ಅರ್ಧ ಗಂಟೆ ಓಡಿಸಿದರೆ ಕನ್ನಡಿಯಲ್ಲಿ ಕಾಣುವುದು ಬರೀ ಕಂದು ಬಣ್ಣ. ಆಮೇಲೆ ಹಾಕಿಸೋಣ ಅಂದರೆ ಮೋಟಾರ್, ನೀರಿನ ಪೈಪು, ವೈರಿಂಗ್, ತೂತಿರುವ ಬೇರೆ ಗಾಜು ಎಲ್ಲಾ ಬೇಕು. ಕೈಬಿಟ್ಟೆ.

ಎರಡನೆಯದು ಹೆಡ್‌ಲೈಟ್. ನನ್ನದು ಹ್ಯಾಲೋಜನ್, ಭಾವನದು ಎಲ್‌ಇಡಿ. ರಾತ್ರಿ ಅವರ ಗಾಡಿ ಓಡಿಸಿ ಬಂದು ನನ್ನದು ಹತ್ತಿದರೆ ದೀಪ ಹಚ್ಚಿದ್ದೇನೋ ಇಲ್ಲವೋ ಅಂತ ಒಮ್ಮೆ ಇಳಿದು ನೋಡಿದ್ದೇನೆ, ಸತ್ಯವಾಗಲೂ. ಹ್ಯಾಲೋಜನ್ ಗೂಡಿಗೇ ಎಲ್‌ಇಡಿ ಬಲ್ಬ್ ಹಾಕಿಸಿದೆ. ಬೆಳಕು ಎಲ್ಲೆಂದರಲ್ಲಿ ಚೆಲ್ಲಿ ಎದುರಿನವರೆಲ್ಲ ನನಗೆ ಡಿಪ್ ಹೊಡೆಯೋಕೆ ಶುರು ಮಾಡಿದರು. ಆ ಗೂಡು ಹ್ಯಾಲೋಜನ್ ತಂತಿಯ ಜಾಗಕ್ಕೆ ಅಂತಲೇ ಮಾಡಿದ್ದು, ಬೇರೆ ಬಲ್ಬಿಗೆ ಬೆಳಕು ಕೂರುವುದಿಲ್ಲ. ವಾರದಲ್ಲಿ ತೆಗೆಸಿದೆ. 100 ವ್ಯಾಟಿನ ಹ್ಯಾಲೋಜನ್ ಹಾಕಿ ಅನ್ನುವವರೂ ಇದ್ದಾರೆ, ಹೋಲ್ಡರ್ ಕರಗಬಹುದು, ಬೇಡ.

ಹೊರಗಿನ ಅಂಗಡಿಯಲ್ಲಿ ಹಾಕಿಸಿದ ರಿವರ್ಸ್ ಕ್ಯಾಮೆರಾ ಇನ್ನೊಂದು ತಲೆನೋವು. ಹುಡುಗ ಸರಸರನೆ ವೈರ್ ಕತ್ತರಿಸಿ ಟೇಪ್ ಸುತ್ತಿದ. ಎಂಟು ತಿಂಗಳಿಗೆ ಫ್ಯೂಸ್ ಹೋಯಿತು. ಸರ್ವೀಸಿಗೆ ಬಿಟ್ಟಾಗ ಆ ಟೇಪ್ ನೋಡಿ "ಇದಕ್ಕೆ ವಾರಂಟಿ ಬರಲ್ಲ ಸರ್" ಅಂದರು. ಬಾಯಿ ಮುಚ್ಚಿಕೊಂಡು ದುಡ್ಡು ಕೊಟ್ಟೆ. ಸೀಟ್ ಕವರ್ ಹಾಕಿಸುವವರೂ ಒಂದು ನೋಡಿಕೊಳ್ಳಿ: ಸೀಟಿನ ಬದಿಯಲ್ಲಿ ಏರ್‌ಬ್ಯಾಗ್ ಅಂತ ಸಣ್ಣ ಚೀಟಿ ಇದ್ದರೆ ಆ ಹೊಲಿಗೆ ಮುಚ್ಚುವ ಕವರ್ ಹಾಕಲೇಬಾರದು, ಬ್ಯಾಗ್ ಅಲ್ಲಿಂದಲೇ ಹರಿದುಕೊಂಡು ಹೊರಬರಬೇಕು.

ಫ್ಯಾನ್ ಇರುವ ಸೀಟು? ಸುಡು ಬಿಸಿಲಲ್ಲಿ ಭಾವನ ಗಾಡಿ ಹತ್ತಿದಾಗ ಹೊಟ್ಟೆ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ. ಬಣ್ಣ ಬದಲಿಸುವ ಒಳಗಿನ ದೀಪಗಳನ್ನು ಮಾತ್ರ ಅವರ ಮನೆಯಲ್ಲೂ ಯಾರೂ ಮುಟ್ಟುವುದಿಲ್ಲ. ಅವರ ಗಾಡಿಯಲ್ಲಿರುವ, ತಾನೇ ಬ್ರೇಕ್ ಹಾಕುವ ವ್ಯವಸ್ಥೆ ಒಳ್ಳೆಯದೇ. ಆದರೆ ಅದರ ಕ್ಯಾಮೆರಾ ಮುಂದಿನ ಗಾಜಿನ ಹಿಂದೆ ಕೂತಿರುತ್ತದೆ. ಕಲ್ಲು ಬಡಿದು ಗಾಜು ಬದಲಿಸಿದಾಗ ಕ್ಯಾಮೆರಾದ ಅಳತೆಯನ್ನೂ ಮತ್ತೆ ಕೂರಿಸಬೇಕಾಯಿತು, ಗಾಡಿ ಎರಡು ದಿನ ಅಲ್ಲೇ.

ಹಾಗಾಗಿ ವೇರಿಯಂಟ್ ಪಟ್ಟಿ ಹಿಡಿದು ಕೂತವರಿಗೆ ನಾನು ಹೇಳುವುದು ಇಷ್ಟು: ಆಮೇಲೆ ಹಾಕಿಸೋಕೆ ಆಗದೇ ಇರುವುದರಿಂದ ಶುರು ಮಾಡಿ. ಏರ್‌ಬ್ಯಾಗ್ ಎಷ್ಟು, ಇಎಸ್‌ಸಿ (ಗಾಡಿ ಜಾರಿ ಹಿಡಿತ ತಪ್ಪದಂತೆ ತಡೆಯುವ ವ್ಯವಸ್ಥೆ) ಇದೆಯಾ, ಡ್ರೈವರ್ ಸೀಟು ಮೇಲೆ ಕೆಳಗೆ ಆಗುತ್ತಾ, ಹೆಡ್‌ಲೈಟ್ ಯಾವುದು, ಹಿಂದೆ ವೈಪರ್ ಇದೆಯಾ. ಸ್ಪೀಕರ್, ಮ್ಯಾಟ್, ಅಲಾಯ್ ಯಾವಾಗ ಬೇಕಾದರೂ ಹಾಕಿಸಬಹುದು. ಟೆಸ್ಟ್ ಡ್ರೈವಿಗೆ ನಮಗೆ ಕೊಟ್ಟಿದ್ದು ಟಾಪ್ ಎಂಡ್. ನೀವು ಕೊಳ್ಳುವ ವೇರಿಯಂಟೇ ಬೇಕು ಅಂತ ಹಟ ಹಿಡಿಯಿರಿ, ಸಾಧ್ಯವಾದರೆ ಕತ್ತಲಾದ ಮೇಲೆ ಹೋಗಿ.

ಇನ್ನೊಮ್ಮೆ ಕೊಂಡರೆ ಒಂದೇ ಒಂದು ಮೆಟ್ಟಿಲು ಮೇಲಿನದು ತಗೊಳ್ಳುತ್ತೇನೆ. ಅದರಲ್ಲಿ ಎಲ್‌ಇಡಿ ದೀಪ, ವೈಪರ್ ಎರಡೂ ಇತ್ತು, ಟೈರ್ ನನ್ನದೇ 16. ಆಗ ಆ ಸಾಲು ಕಣ್ಣಿಗೇ ಬಿದ್ದಿರಲಿಲ್ಲ, ಸನ್‌ರೂಫ್ ಬೇಕಾ ಬೇಡವಾ ಅಂತ ಜಗಳ ಆಡುತ್ತಿದ್ದೆವಲ್ಲ. ಸದ್ಯಕ್ಕೆ ಡಿಕ್ಕಿಯಲ್ಲಿ ಒಂದು ಬಾಟಲಿ ನೀರು, ಒಂದು ಹಳೆ ಬನಿಯನ್ ಇಟ್ಟುಕೊಂಡಿದ್ದೇನೆ. ಮಳೆಯಲ್ಲಿ ಆಗಾಗ ಇಳಿದು ಹಿಂದಿನ ಗಾಜು ಒರೆಸುತ್ತೇನೆ.